ಸುಲ್ತಾನ್ ಯಾಕೆ ಹಾರಲಿಲ್ಲ

ಪ್ರೀತಿಯ ಅಣ್ಣ,

ಮಾಲೀಕರ ಮುಂದೆ ಗೋಡೆ ಹಾರಬೇಕಿದ್ದ ಸುಲ್ತಾನ್ ಕುಳಿತೇಬಿಟ್ಟ ದಿನ ನಿನಗೆ ಮರೆತಿರಲಿಕ್ಕಿಲ್ಲ. ನಂಜನಗೂಡಿನ ಆ ಕಾವಲು ಕಂಪನಿಯಲ್ಲಿ ಅವನಷ್ಟು ದೊಡ್ಡ ಆಲ್ಸೇಷಿಯನ್ ನಾಯಿ ಇನ್ನೊಂದಿರಲಿಲ್ಲ. ಮರಿಯಾಗಿದ್ದಾಗಿನಿಂದ ಪಳಗಿಸಿದವನು ನೀನು. ನೀನು ಕೂಗಿದೆ. ಅವನು ಕಷ್ಟಪಟ್ಟು ಎದ್ದು, ನಿಂತಲ್ಲೇ ಉಚ್ಚೆ ಹೊಯ್ದ. ಎಲ್ಲರೂ ನಕ್ಕರು. ಮುದ್ದು ಮಾಡಿ ನಾಯಿಯನ್ನು ಕೆಡಿಸಿದ್ದೀಯ ಎಂದು ಸೂಪರ್‌ವೈಸರ್ ಬೈದದ್ದು ನಿನಗಿಂತ ಮೊದಲೇ ನಮ್ಮೂರು ಹುಲ್ಲಹಳ್ಳಿಗೆ ಬಂದು ಮುಟ್ಟಿತ್ತು.

ಆಮೇಲೆ ನೀನು ಬಸ್ ಸ್ಟ್ಯಾಂಡಿನ ದಾರಿ ಬಿಟ್ಟು ನಾಲೆ ಏರಿಯ ಮೇಲೆ ಮನೆಗೆ ಬರತೊಡಗಿದೆ. ಅಮ್ಮ ಕೇಳಿದರೆ, ಆ ಕಡೆ ಗಾಳಿ ಚೆನ್ನಾಗಿದೆ ಎನ್ನುತ್ತಿದ್ದೆ. ಕಾಮಾಲೆ ಬಂದಾಗಲೂ, ಆಸ್ಪತ್ರೆಯಲ್ಲಿ ಗುರುತಿನವರು ಸಿಗುತ್ತಾರೆಂದು ಹೋಗುವುದನ್ನು ಮುಂದೂಡಿದೆ; ಹೋಗುವಷ್ಟರಲ್ಲಿ ಕೈಮೀರಿತ್ತು. ಅಷ್ಟು ನಾಚಿಕೆ ಯಾಕಣ್ಣ? ನನ್ನ ಹತ್ತಿರವಾದರೂ ಒಂದು ಮಾತು...

ನಿನ್ನ ತಿಥಿ ಮುಗಿದ ಮೇಲೆ ಕಂಪನಿಯವರು ಸುಲ್ತಾನ್‌ನನ್ನು ನಮಗೇ ಕೊಟ್ಟರು. ತಿ. ನರಸೀಪುರದ ನನ್ನ ಗಂಡನ ಮನೆಗೆ ಅವನನ್ನು ಕರೆತಂದೆ. ಅವನ ಬಾಲ ಹಗ್ಗದ ಹಾಗೆ ಜೋತುಬಿದ್ದಿತ್ತು. ಹಿಂಗಾಲಿನ ಉಗುರುಗಳು ನೆಲಕ್ಕೆ ಉಜ್ಜಿ ಸವೆದಿದ್ದವು. ಮಲಗಿದ ಜಾಗವೆಲ್ಲ ಒದ್ದೆ. ನೆಂಟರು ಮೂಗು ಮುಚ್ಚಿಕೊಂಡರೆ ನಾನು ಕುಗ್ಗಿಹೋಗುತ್ತಿದ್ದೆ. ಕೊನೆಗೆ ಗೂಡ್ಸ್ ಆಟೋದಲ್ಲಿ ದನದ ಡಾಕ್ಟರ ಬಳಿಗೆ ಕರೆದೊಯ್ದೆ.

ಅಲ್ಲಿಯೂ ಅವನು ನೆಲ ನೆನೆಸಿದ. ನಾನು ಸೆರಗಿನಿಂದ ಒರೆಸಲು ಬಗ್ಗಿದೆ. ಡಾಕ್ಟರಮ್ಮ ಕೈ ಹಿಡಿದು ನಿಲ್ಲಿಸಿದರು. ಅವರು ಹಿಂಗಾಲುಗಳನ್ನು ಎಳೆದು ಮಡಚಿ ನೋಡಿದಾಗ ಅವನು ಸುಮ್ಮನಿದ್ದ. ಕೀಲುಗಳಲ್ಲಿ ತೊಂದರೆ ಕಾಣುತ್ತಿಲ್ಲ ಎಂದರು. ಹಿಂಗಾಲಿನ ಪಂಜವನ್ನು ಮೇಲುಭಾಗ ಕೆಳಗಾಗುವಂತೆ ಮಡಚಿ ನೆಲಕ್ಕಿಟ್ಟರು. ಆರೋಗ್ಯವಾಗಿದ್ದರೆ ನಾಯಿ ಕೂಡಲೇ ಅದನ್ನು ಸರಿಮಾಡಿಕೊಳ್ಳುತ್ತದಂತೆ. ಸುಲ್ತಾನ್ ಹಾಗೇ ನಿಂತಿದ್ದ. ಬಾಲದ ಬುಡದ ಮೇಲೆ, ಬೆನ್ನೆಲುಬು ಸೊಂಟವನ್ನು ಸೇರುವಲ್ಲಿ ಹೆಬ್ಬೆರಳು ಒತ್ತಿದಾಗ ಮಾತ್ರ ಕಿರುಚಿ ಕಚ್ಚಲು ತಿರುಗಿದ.

ಮೈಸೂರಿನಲ್ಲಿ ತೆಗೆಸಿದ ಎಕ್ಸ್‌ರೇಯಲ್ಲೂ ಆ ಜಾಗ ಕಿರಿದಾಗಿ ಕಂಡಿತು. ಅಲ್ಲಿ ನರ ಅದುಮಿಕೊಂಡಿದೆ, ಭಾರಿ ಮೈಯ ಕೆಲಸದ ನಾಯಿಗಳಿಗೆ ಬರುವ ಕಾಯಿಲೆ ಎಂದರು ಡಾಕ್ಟರಮ್ಮ. ಪಳಗಿಸಿದ್ದರಲ್ಲಿ ತಪ್ಪಿತ್ತೇ ಎಂದು ಕೇಳಿದೆ.

"ಇಲ್ಲಮ್ಮ. ಅದು ಹಟ ಮಾಡಿದ್ದಲ್ಲ, ಹಾರಕ್ಕೆ ಆಗಿಲ್ಲ. ಉಚ್ಚೆ ಹೋಗಿದ್ದೂ ಅದಕ್ಕೆ ಗೊತ್ತಾಗಿರಲ್ಲ."

ಅಮ್ಮನಿಗೆ ಹೇಳಿದೆ. ಸೌದೆ ಮುರಿಯುತ್ತಿದ್ದವಳು ಕೈಯಲ್ಲಿದ್ದುದನ್ನು ಕೆಳಗಿಟ್ಟಳು. "ನನ್ ಮಗ ತಲೆ ತಗ್ಗಿಸ್ಕೊಂಡೇ ಒಂಟೋದ ಕಣವ್ವ," ಎಂದಳು.

ಎಕ್ಸ್‌ರೇ ಹಿಡಿದು ಆ ಸೂಪರ್‌ವೈಸರ್ ಬಳಿಗೂ ಹೋದೆ. ತಪ್ಪು ನಿನ್ನದಲ್ಲವೆಂದು ಕಾವಲಿನವರೆಲ್ಲ ಕೇಳುವಂತೆ ಹೇಳಿದೆ. ಈಗ ಏನು ಮಾಡೋಣ ಎಂದು ಅವರು ಕೇಳಿದರು. ನಿನ್ನನ್ನು ಬೈದವರ ಮುಂದೆ ನಾನೇ ತಲೆ ತಗ್ಗಿಸಿದೆ, ಅಣ್ಣ.

ಗೇಟಿನ ಬಳಿ ನಿನ್ನ ಜೊತೆ ಕೆಲಸಕ್ಕಿದ್ದ ಶಿವಣ್ಣ ಹಿಂದೆಯೇ ಬಂದ. ರಾಣಿ ಎಂಬ ಅವನ ನಾಯಿಯೂ ಈಚೆಗೆ ಜೀಪು ಹತ್ತಲು ಹಿಂದೆಗೆಯುತ್ತಿದೆಯಂತೆ. ಯಾರಿಗೂ ಹೇಳಿರಲಿಲ್ಲ, ನಿನಗಾದದ್ದು ನೋಡಿದ್ದನಲ್ಲ.

ಔಷಧಿ, ವಿಶ್ರಾಂತಿಯಿಂದ ಸುಲ್ತಾನ್‌ಗೆ ನೋವು ಇಳಿದಿದೆ. ಸೋಮವಾರ ಶಿವಣ್ಣ ರಾಣಿಯನ್ನು ಕರೆತರುತ್ತಾನೆ. ಡಾಕ್ಟರಮ್ಮನಿಗೆ ಹೇಳಿಟ್ಟಿದ್ದೇನೆ. ಅಲ್ಲಿ ರಾಣಿ ನೆಲ ನೆನೆಸಿದರೂ, ಒರೆಸಲೆಂದು ಶಿವಣ್ಣನನ್ನು ಬಗ್ಗಲು ನಾನು ಬಿಡುವುದಿಲ್ಲ.

ನಿನ್ನ ತಂಗಿ