ಮುರಿದು ನೋಡಲು ನೀವು ಒಯ್ದ ಕಾಲು

ಕೃತಕ ಅಂಗಗಳ ಪರೀಕ್ಷಾ ಇಲಾಖೆಯ ಮುಖ್ಯಸ್ಥರಿಗೆ,

ಮಾನ್ಯರೇ, ನನ್ನ ತಂಗಿಯ ಎಡಗಾಲು ನಿಮ್ಮ ಉಗ್ರಾಣದಲ್ಲಿದೆ. ಮುರಿದು ಪರೀಕ್ಷಿಸಬೇಕೆಂದು ನೀವೇ ತರಿಸಿಕೊಂಡಿರಿ. ಈಗ ನೋಡಿದರೆ ಮುರಿಯುವ ಯಂತ್ರವೇ ಕೆಟ್ಟು ಕೂತಿದೆಯಂತೆ. ಕಾಲು ಕಪಾಟಿನಲ್ಲಿ ನೆಟ್ಟಗೆ ನಿಂತಿದೆ, ಅದರ ಒಡತಿ ನೆಲದ ಮೇಲೆ ತೆವಳುತ್ತಿದ್ದಾಳೆ. ಇದಕ್ಕೆ ನಿಮ್ಮಲ್ಲಿ ‘ಕಾರ್ಯವಿಧಾನ’ ಎನ್ನುತ್ತಾರೆಂದು ಮೊನ್ನೆಯಷ್ಟೇ ಕಲಿತೆ.

ತಂಗಿ ಎಲೆಕ್ಟ್ರಿಷಿಯನ್. ಹಿಂದಕ್ಕೆ ಬರುತ್ತಿದ್ದ ಲಾರಿಯ ಚಕ್ರಕ್ಕೆ ಸಿಕ್ಕಿ ಅವಳ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಆಗ ಸಿಕ್ಕ ಸಾಧಾರಣ ಕೃತಕ ಕಾಲು ಅವಳು ಏಣಿಯ ಮೇಲಿದ್ದಾಗಲೇ ಸೀಳಿತು. ಬಿದ್ದು ಹೆಗಲಿನ ಮೂಳೆ ಮುರಿದುಕೊಂಡಳು. “ಏಣಿ ಋಣ ಮುಗೀತು ಬಿಡಕ್ಕಾ” ಎಂದು ಉಪಕರಣಗಳ ಚೀಲವನ್ನು ಅಟ್ಟಕ್ಕೆ ಎಸೆದಳು. ಆಗ ಸಂಶೋಧನಾ ಕೇಂದ್ರದ ಎಂಜಿನಿಯರ್ ಮೇಡಂ ಪ್ರಯೋಗಕ್ಕೆಂದು ಹೊಸ ಕಾಲು ಕೊಟ್ಟರು. ಎಪಾಕ್ಸಿ ಎಂಬ, ಒಣಗಿದರೆ ಕಲ್ಲಾಗುವ ರಾಳಕ್ಕೆ ಗ್ರಾಫೀನ್ ಬೆರೆಸಿ ಎರಕ ಹೊಯ್ದದ್ದು. ಗ್ರಾಫೀನ್ ಎಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ ಎಂದಾಗ ನನಗೆ ನಗು ಬಂತು.

“ಅಷ್ಟು ತೆಳ್ಳಗಿರೋದು ಇವಳ ಭಾರ ತಡೆಯುತ್ತಾ ಮೇಡಂ?”

“ಬರೀ ರಾಳದಲ್ಲಿ ಬಿರುಕು ಬಿಟ್ರೆ ಅದು ನೆಟ್ಟಗೆ ಓಡಿಬಿಡುತ್ತೆ. ಈ ಹಾಳೆಗಳು ಅಡ್ಡ ಸಿಕ್ಕಿದ್ರೆ ಸುತ್ತಿ ಬಳಸಿ ಹೋಗ್ಬೇಕು, ಸುಸ್ತಾಗಿ ನಿಂತುಬಿಡುತ್ತೆ. ಆದ್ರೆ ಗಂಟು ಕಟ್ಟದ ಹಾಗೆ ಬೆರೆಸ್ಬೇಕು ನೋಡಿ. ಗಂಟಾದ್ರೆ ಅಲ್ಲಿಂದಲೇ ಒಡೆಯುತ್ತೆ.”

ಸುತ್ತಿ ಬಳಸಿ ಸುಸ್ತಾಗುವುದೆಂದರೇನೆಂದು ನಿಮ್ಮ ಕಚೇರಿಗೆ ಅಲೆದ ಮೇಲೆ ನನಗೆ ಇನ್ನೂ ಚೆನ್ನಾಗಿ ತಿಳಿಯಿತು.

ಆ ಕಾಲು ಹಗುರವಾಗಿತ್ತು, ಗಟ್ಟಿಯಾಗಿತ್ತು. ತಂಗಿ ಚೀಲವನ್ನು ಅಟ್ಟದಿಂದ ತಾನೇ ಇಳಿಸಿದಳು. ಆಸ್ಪತ್ರೆಯ ಹೊಸ ವಾರ್ಡಿಗೆ ದೀಪ ಹಾಕಿ ಬಂದ ಸಂಜೆ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೀದಿಯ ತುದಿಯವರೆಗೂ ನಡೆದಳು. ಅಷ್ಟರಲ್ಲಿ ನಿಮ್ಮಿಂದ ಕರೆ ಬಂತು: ಪ್ರಯೋಗದ ಅವಧಿ ಮುಗಿದಿದೆ, ‘ಮಾದರಿ’ಯನ್ನು ಹಿಂದಿರುಗಿಸಿ.

ನಿಮ್ಮ ಕಾಳಜಿಯನ್ನು ಅಲ್ಲಗಳೆಯುತ್ತಿಲ್ಲ. ಒಳಗೆ ಗಂಟುಗಳಿವೆಯೇ, ಕಾಣದ ಬಿರುಕಿದೆಯೇ ಎಂದು ನೋಡದೆ ಇನ್ನೊಬ್ಬರಿಗೆ ಈ ಕಾಲು ತೊಡಿಸುವುದು ತಪ್ಪು. ಏಣಿಯಿಂದ ಬಿದ್ದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಪ್ಪಿಯೇ ತಂದುಕೊಟ್ಟಳು. ಆದರೆ ನಿಮ್ಮ ಕೌಂಟರಿನ ಗುಮಾಸ್ತರು ಆಡಿದ ಮಾತು ಕೇಳಿ.

“ಮಾದರಿ ಈ ಕಡೆ ಕೊಡಿ.”

“ಬದಲಿಗೆ ಬೇರೆ ಕಾಲು?” ಎಂದಳು ತಂಗಿ.

“ಇದನ್ನ ಮುರಿದು ನೋಡಿ, ಫಲಿತಾಂಶ ಬಂದ್ಮೇಲೆ ಇಂಥದ್ದೇ ಎರಡನೇದಕ್ಕೆ ಒಪ್ಪಿಗೆ.”

“ಅಲ್ಲೀವರೆಗೂ?”

ಅವರು ನಮ್ಮ ಹಿಂದಿದ್ದವರನ್ನು ಕರೆದರು. ತಂಗಿ ಬೆಂಚಿನ ಮೇಲೆ ಕೂತು, ಅಷ್ಟು ಜನರ ಎದುರಿಗೆ ಕಾಲು ಬಿಚ್ಚಿ ಕೊಟ್ಟಳು. ಲಿಫ್ಟ್ ಕೆಟ್ಟು ನಿಂತಿತ್ತು. ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿದೆ. “ಹುಷಾರಕ್ಕಾ, ನಿನ್ನ ಕಾಲೂ ಮುರಿದ್ರೆ ಇವರು ಅದನ್ನೂ ಮಾದರಿ ಅಂತ ಇಟ್ಕೊಂಡಾರು” ಎಂದು ಕಿವಿಯಲ್ಲಿ ನಕ್ಕಳು. ಅವಳು ಕೊನೆಯ ಸಲ ನಕ್ಕಿದ್ದು ಅದೇ.

ಈಗ ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ. ಊರುಗೋಲು ಹಿಡಿದರೆ ಮುರಿದಿದ್ದ ಹೆಗಲು ತಡೆಯುವುದಿಲ್ಲ. ನಿನ್ನೆ ಬಚ್ಚಲಿಗೆ ತೆವಳಿಕೊಂಡು ಹೊರಟಾಗ, ಆಟವೆಂದುಕೊಂಡ ಮಗಳು ಪಕ್ಕದಲ್ಲೇ ಅಂಬೆಗಾಲಿಟ್ಟು, “ನಾನೇ ಫಸ್ಟು!” ಎಂದು ಚಪ್ಪಾಳೆ ತಟ್ಟಿದಳು. ತಂಗಿ ಬಚ್ಚಲ ಬಾಗಿಲು ಹಾಕಿಕೊಂಡವಳು ಬಹಳ ಹೊತ್ತು ತೆರೆಯಲಿಲ್ಲ. ನಾನು ಹೊರಗೆ ಬಾಗಿಲು ತಟ್ಟುತ್ತಾ ಏನೇನು ನೆನೆದು ಹೆದರಿದೆನೆಂದು ನಿಮಗೆ ಬರೆಯಲಾರೆ.

ಯಂತ್ರ ಸರಿಯಾಗದೆ ಗ್ರಾಫೀನಿನ ಕಾಲುಗಳಲ್ಲಿ ಮೊದಲನೆಯದು ಮುರಿಯುವುದಿಲ್ಲ; ಮೊದಲನೆಯದು ಮುರಿಯದೆ ಎರಡನೆಯದು ಹುಟ್ಟುವುದಿಲ್ಲ. ಮೇಡಂ ಬಳಿ ಅಚ್ಚಿದೆ, ರಾಳವಿದೆ, ಗ್ರಾಫೀನ್ ಇದೆ. ಇಲ್ಲದಿರುವುದು ನಿಮ್ಮ ರುಜು. ಇಷ್ಟು ದೊಡ್ಡ ಇಲಾಖೆಯಲ್ಲಿ ಒಬ್ಬರಿಗೂ ಇದು ವಿಚಿತ್ರವೆನಿಸಲಿಲ್ಲವೇ? ಪರೀಕ್ಷೆಯಾಗುತ್ತಿರುವುದು ರಾಳದ್ದೋ, ನನ್ನ ತಂಗಿಯದೋ?

ಎರಡನೆಯ ಕಾಲಿಗೆ ರುಜು ಹಾಕಿ. ಅದು ಸಿದ್ಧವಾಗುವವರೆಗೆ, ನಿಮ್ಮವರೇ ಮಾಡಿದ ಸ್ಕ್ಯಾನಿಂಗಿನಲ್ಲಿ ಒಂದು ಬಿರುಕೂ ಕಾಣದ ಆ ಮೊದಲನೆಯದನ್ನು ಮನೆಯೊಳಗೆ ಓಡಾಡಲಿಕ್ಕಾದರೂ ಹಿಂದಿರುಗಿಸಿ. ಸೋಮವಾರ ಅವಳನ್ನು ಬೆನ್ನ ಮೇಲೆ ಹೊತ್ತು ನಿಮ್ಮ ಕೋಣೆಗೇ ತರುತ್ತೇನೆ. ಎದುರಿನ ಕುರ್ಚಿಯಲ್ಲಿ ಕೂರಿಸುತ್ತೇನೆ. ಹೊತ್ತುಕೊಂಡು ಮಾತ್ರ ವಾಪಸು ಹೋಗುವುದಿಲ್ಲ. ಅವಳು ನಿಮ್ಮ ಕಚೇರಿಯಿಂದ ಹೊರಟರೆ ನಡೆದೇ ಹೊರಡುತ್ತಾಳೆ.

ಇಂತಿ,
ಎರಡು ಕಾಲಿದ್ದೂ ನಿಮ್ಮ ಬಾಗಿಲಲ್ಲಿ ನಿಂತು ನಿಂತು ಸೋತ
ಒಬ್ಬ ಅಕ್ಕ