ಕೆಳಗಿನ ಆರು ಇಂಚು

ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

ತಮ್ಮನ ನಮಸ್ಕಾರ. ನಿನ್ನ ಕಾಗದ ಬಂದು ಇಂದಿಗೆ ಇಪ್ಪತ್ತಾರು ದಿನ. ಎಣಿಸಿ ಇಟ್ಟಿದ್ದೇನೆ, ಆದ್ದರಿಂದ ಮರೆತೆ ಎಂದು ಮಾತ್ರ ಬೈಯಬೇಡ. ಎರಡು ಸಲ ಬರೆಯಲು ಕೂತೆ. ಎರಡು ಸಲವೂ ಮೊದಲ ಪುಟದ ತುಂಬ ಬೈಗುಳವೇ ಆಗಿ, ಹಿರಿಯಕ್ಕನಿಗೆ ಕಳಿಸುವಂಥ ಕಾಗದವಲ್ಲ ಎಂದು ಹರಿದು ಹಾಕಿದೆ. ಇದು ಮೂರನೆಯದು. ಬೈಗುಳ ಇದರಲ್ಲೂ ಇರುತ್ತದೆ, ಸಹಿಸಿಕೋ.

ಕಣ್ಣಿನ ಪೊರೆ ತೆಗೆಸಿದ ಮೇಲೆ ಸಣ್ಣಕ್ಷರವೂ ಓದಲಾಗುತ್ತಿದೆ ಎಂದು ಬರೆದಿದ್ದೀಯ. ಓದಿ ತುಂಬಾ ಸಂತೋಷವಾಯಿತು. ಇನ್ನು ನನ್ನ ಕೈಬರಹದ ಮೇಲೆ ತಪ್ಪು ಹೊರಿಸುವಂತಿಲ್ಲ. ನಮ್ಮ ಮನೆಯಲ್ಲಿ ಎಲ್ಲ ಕ್ಷೇಮ. ಮುಂದಿನ ತಿಂಗಳು ನೀನು ಬರುತ್ತೀಯೆಂದು ಇವಳು ಆಗಲೇ ಸಡಗರ ಶುರುಮಾಡಿದ್ದಾಳೆ. ಕಿಟಕಿಯ ಪಕ್ಕದ ನಿನ್ನ ಕುರ್ಚಿಯ ಕೆಳಗೆ ಹಾಕಲು ದಪ್ಪನೆಯ ಚಾಪೆ ತಂದಿದ್ದಾಳೆ. "ಅತ್ತಿಗೆ ಯಾವಾಗ ಬಂದ್ರೂ ಕಾಲು ಮೇಲೆ ಮಡಚಿಕೊಂಡೇ ಕೂರ್ತಾರೆ. ನಮ್ಮ ನೆಲ ಅಷ್ಟು ತಣ್ಣಗಿರುತ್ತೆ, ನಿಮಗೆ ಒಂದು ದಿನವಾದ್ರೂ ಹೊಳೀತಾ?" ಎಂದು ನನ್ನನ್ನೇ ದಬಾಯಿಸಿದಳು. ನಾನು ಚಾಪೆಯ ಅಳತೆ ಹಿಡಿದು ನೋಡಿದೆ.

ಆಸ್ಪತ್ರೆ ಕಮಿಟಿಯಲ್ಲೂ ಎಲ್ಲರ ಜೊತೆ ಜಗಳ ಕಾಯುತ್ತಿದ್ದೀಯಾ ಎಂದು ಕೇಳಿದ್ದೀಯ. ಹೌದು, ಕಾಯುತ್ತಿದ್ದೇನೆ. ಈ ಸಲದ್ದು ಒಂದು ತಡಿಕೆಯ ಜಗಳ.

ಆಸ್ಪತ್ರೆಯ ಮುಂದಿನ ಹಜಾರ ನಿನಗೆ ನೆನಪಿದೆಯಲ್ಲ? ಒಳಗೆ ಹೋದ ತಕ್ಷಣ ಎಡಕ್ಕೆ ಉದ್ದನೆಯ ಮರದ ಬೆಂಚು, ಪುಕ್ಕಟೆ ಔಷಧಿಗೆ ಬಂದವರು ಕಾಯುವ ಜಾಗ. ಈಗ ಹಜಾರದ ಕೊನೆಯಲ್ಲಿ ಹಣ ಕೊಡುವವರಿಗೆಂದು ಹೊಸ ಕೋಣೆಗಳಾಗಿವೆ. ಅಲ್ಲಿಗೆ ಹೋಗಲು ಬೆಂಚಿನ ಮುಂದೆಯೇ ಹಾಯಬೇಕು. ಅದು ಅಧ್ಯಕ್ಷರಿಗೆ ಸರಿಬಂದಿಲ್ಲ. ಬೆಂಚಿಗೆ ಅಡ್ಡವಾಗಿ ಅಲಂಕಾರದ ಜಾಲರಿ ತಡಿಕೆ ಹಾಕಿಸಬೇಕಂತೆ. ಬಳ್ಳಿ, ಎಲೆ, ಹಾರುವ ಹಕ್ಕಿಗಳಂತೆ. ಈ ಅಧ್ಯಕ್ಷರಿಗೆ ನಾನಿಟ್ಟ ಹೆಸರು ಇಸ್ತ್ರಿ. ಅಂಗಿಯಲ್ಲೂ ಸುಕ್ಕಿಲ್ಲ, ಮುಖದಲ್ಲೂ ಸುಕ್ಕಿಲ್ಲ, ಮನಸ್ಸಿನಲ್ಲಿ ಮಾತ್ರ ಮಡಿಕೆಯ ಮೇಲೆ ಮಡಿಕೆ. ಕಮಿಟಿಯಲ್ಲಿ ನಕ್ಷೆ ಬಲ್ಲವನು ನಾನೊಬ್ಬನೇ. ಮೂವತ್ತೊಂದು ವರ್ಷ ಕೈಗಾರಿಕಾ ಶಾಲೆಯಲ್ಲಿ ಅದನ್ನೇ ಕಲಿಸಿದ ತಪ್ಪಿಗೆ, ಕೊಟೇಶನ್ ಕೇಳುವ ಮೊದಲು ಬೇಕಾದ ವಿವರಪಟ್ಟಿ ತಯಾರಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಒಪ್ಪಿಕೊಂಡೆಯಲ್ಲ ಎಂದು ನೀನು ಕೇಳುತ್ತೀಯ. ಒಪ್ಪಿಕೊಂಡೆ. ಮೊದಲ ದಿನ ಅವರು ಹೇಳಿದ್ದು "ಹಜಾರ ಬೋಳಾಗಿದೆ, ಚಂದ ಕಾಣಲಿ" ಎಂದಷ್ಟೇ. ಅಳತೆ ಹಿಡಿಯುವುದೆಂದರೆ ನನಗೆ ಇಂದಿಗೂ ಹಬ್ಬ. ಗೋಡೆಯಿಂದ ಗೋಡೆಗೆ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದೆ. ಮೇಲಕ್ಕೂ ಕೆಳಕ್ಕೂ ಮುಕ್ಕಾಲು ಇಂಚು ವ್ಯತ್ಯಾಸ ಬಂತು. ಹಳೆಯ ಗೋಡೆ, ನಮ್ಮ ಹಾಗೆಯೇ ಸ್ವಲ್ಪ ವಾಲಿದೆ. ನೆಲದ ಇಳಿಜಾರು ನೋಡಿದೆ, ಸ್ಟ್ರೆಚರ್ ತಿರುಗಲು ಎಷ್ಟು ಜಾಗ ಬೇಕೆಂದು ನೋಡಿದೆ. ಜಾಲರಿ ಕತ್ತರಿಸುವ ಕಾರ್ಖಾನೆಯಿಂದ ಪ್ರಶ್ನೆಗಳ ಹಾಳೆಯೂ ಬಂತು. ಇದನ್ನು ತುಂಬದೆ ದರ ಕೇಳಬೇಡಿ ಎಂದು ತಲೆಯಲ್ಲೇ ಅಚ್ಚುಹಾಕಿಸಿದ್ದರು. ಹಾಳೆ ನೋಡಿ ಆ ಕಾರ್ಖಾನೆಯ ಮೇಲೆ ಗೌರವ ಬಂತು. ಮರವೋ ಲೋಹವೋ, ಎಷ್ಟು ದಪ್ಪ, ನೀರು ತಾಗುತ್ತದೆಯೋ, ಎಷ್ಟು ತುಂಡಾದರೆ ಬಾಗಿಲಲ್ಲಿ ಹಿಡಿಸುತ್ತದೆ, ಯಾವ ಬದಿ ಮುಖ, ಯಾವ ಬದಿ ಬೆನ್ನು. ಒಂದು ಪ್ರಶ್ನೆಯಲ್ಲಿ ಮಾತ್ರ ಸಿಕ್ಕಿಕೊಂಡೆ. ನೂರರಲ್ಲಿ ಎಷ್ಟು ಪಾಲು ತೂತಿರಬೇಕು?

ಕಾರ್ಖಾನೆಯ ಯಜಮಾನಿಗೆ ಫೋನು ಮಾಡಿದೆ. ಹಿಂದೆ ಯಂತ್ರ ಕಿರುಚುತ್ತಿತ್ತು, ಆಕೆ ಅದಕ್ಕಿಂತ ಜೋರು.

"ಸಾರ್, ಚಂದಕ್ಕಾ, ಮುಚ್ಚೋದಕ್ಕಾ? ಅದೊಂದು ಹೇಳಿ, ತೂತಿನ ಲೆಕ್ಕ ನಾನು ಹೇಳ್ತೀನಿ."

"ಚಂದಕ್ಕೇ ಅಂತ ಹೇಳಿದ್ದಾರೆ."

"ಹೇಳಿದ್ದಾರೆ ಅಲ್ಲ ಸಾರ್, ಹಿಂದುಗಡೆ ಏನಿದೆ? ಚಂದಕ್ಕಾದ್ರೆ ಅರ್ಧಕ್ಕರ್ಧ ತೂತು ಬಿಡಿ, ಗಾಳಿ ಬೆಳಕು ಆಡುತ್ತೆ. ಮುಚ್ಚೋದಕ್ಕಾದ್ರೆ ಜಾಲರಿ ಯಾಕೆ, ಗೋಡೆ ಕಟ್ಟಿ. ಇನ್ನೊಂದು, ಪೇಪರ್ ಮೇಲಿನ ಅಳತೆ ನಂಬ್ಬೇಡಿ. ಮೊದ್ಲು ಒಂದು ಬೆಡ್‌ಶೀಟ್ ಕಟ್ಟಿ ನೋಡಿ, ಆಮೇಲೆ ನಂಬರ್ ಬರೀರಿ."

ನೂರಕ್ಕೆ ಐವತ್ತು ತೂತು ಎಂದು ಸದ್ಯಕ್ಕೆ ಬರೆದುಕೊಂಡು ಹೋಗಿ, ಅದೇ ಪ್ರಶ್ನೆಯನ್ನು ಕಮಿಟಿಯಲ್ಲಿ ಕೇಳಿದೆ. ಚಂದಕ್ಕೋ, ಮುಚ್ಚುವುದಕ್ಕೋ? ಐದು ಜನ ಹಿರಿಯರೂ ಮುಂದಿದ್ದ ಕಾಗದ ತಿರುವಿದರು. ಕಾರ್ಯದರ್ಶಿ ಎಂದಿನಂತೆ ಅಧ್ಯಕ್ಷರ ಮುಖ ನೋಡಿದ. ಕೊನೆಗೆ ಇಸ್ತ್ರಿಯೇ ಬಾಯಿಬಿಟ್ಟರು. "ನೋಡಿ ಮೇಷ್ಟ್ರೇ, ದುಡ್ಡು ಕೊಟ್ಟು ಬರೋರು ಆ ಗಾಯ, ಆ ಕೆಮ್ಮು ನೋಡ್ಕೊಂಡೇ ಒಳಗೆ ಹೋಗ್ಬೇಕು. ಅವರಿಗೆ ಅಸಹ್ಯ ಆಗಲ್ವಾ? ಐವತ್ತು ಜಾಸ್ತಿ ಆಯ್ತು. ತೂತು ಹದಿನೈದು ಸಾಕು. ಹಕ್ಕಿ ಸಣ್ಣದು ಮಾಡಿ."

ಅಕ್ಕ, ನೀನೇ ಹೇಳು. ಗಾಯಕ್ಕೆ ಹೇಸುವವನು ಆಸ್ಪತ್ರೆ ಯಾಕೆ ನಡೆಸಬೇಕು? ನನ್ನ ನೆನಪು ಗೊತ್ತಲ್ಲ, ಬೇಡವೆಂದರೂ ಎದ್ದು ಬರುತ್ತದೆ. ಈ ಕಟ್ಟಡ ಏಳುವಾಗ ಊರಿನವರೇ ಸಾಲಾಗಿ ನಿಂತು ಇಟ್ಟಿಗೆ ದಾಟಿಸಿದ್ದು. ನನ್ನ ಎಡಕ್ಕೆ ನೀನು ನಿಂತಿದ್ದೆ. ಮೊದಲ ವರ್ಷ ಅದೇ ಬೆಂಚಿನ ಮೇಲೆ, ತೊಡೆಯಲ್ಲಿ ಕುರು ಎದ್ದು, ಪಂಚೆ ಎತ್ತಿಕೊಂಡು ನರಳುತ್ತ ಕೂತಿದ್ದವರು ಈ ಅಧ್ಯಕ್ಷರ ತಂದೆ. ಮುಲಾಮಿನ ವಾಸನೆ ಬಾಗಿಲ ತನಕ ಬರುತ್ತಿತ್ತು. ಯಾರೂ ಮೂಗು ಮುಚ್ಚಲಿಲ್ಲ. ಅದನ್ನು ಸಭೆಯಲ್ಲಿ ಎಲ್ಲರೆದುರು ಹೇಳಿಬಿಟ್ಟೆ.

ಇಸ್ತ್ರಿಯ ಮುಖದಲ್ಲಿ ಮೊದಲ ಸಲ ಒಂದು ಸುಕ್ಕು ಕಂಡಿತು. "ಮೇಷ್ಟ್ರೇ, ನಿಮಗೆ ಬೇಡದ್ದೆಲ್ಲ ನೆನಪಿರುತ್ತೆ" ಎಂದರು. ಉಳಿದವರು ನಕ್ಕರು. ತನ್ನ ಬೆನ್ನು ತನಗೆ ಕಾಣದು ಎಂದು ನಾನೂ ಒಂದು ಗಾದೆ ಎಸೆದು, ಗೆದ್ದವನ ಹಾಗೆ ಎದ್ದು ಬಂದೆ.

ಗೆದ್ದದ್ದೆಲ್ಲಿ? ಗುರುವಾರ ಆಸ್ಪತ್ರೆಯದೇ ಎರಡು ಬೆಡ್‌ಶೀಟ್ ಹೊಲಿದು, ಹಗ್ಗಕ್ಕೆ ಹಾಕಿ, ಬೆಂಚಿಗೆ ಅಡ್ಡ ಕಟ್ಟಿಸಿದರು. ಎತ್ತರ ಎಷ್ಟಿರಬೇಕು, ಕೆಳಗೆ ಎಷ್ಟು ಸಂದು ಬಿಡಬೇಕು ನೋಡಲು. ಟೇಪು ಹಿಡಿದು ನಾನೇ ನಿಂತಿದ್ದೆ. ನಾನಿಲ್ಲದಿದ್ದರೆ ಇವರು ಪೂರ್ತಿ ಮುಚ್ಚಿಬಿಡುತ್ತಾರೆ ಎಂಬ ನೆಪ ಹೇಳಿಕೊಂಡು ಹೋಗಿದ್ದೆ. ನೆಲ ಒರೆಸುವ ಹೆಂಗಸು ಸೊಂಟಕ್ಕೆ ಕೈಯಿಟ್ಟು ಎಲ್ಲರಿಗಿಂತ ಮೊದಲು ಹೇಳಿದಳು. "ಸ್ವಾಮಿ, ಕೆಳಗೆ ಆರು ಇಂಚಾದ್ರೂ ಬಿಡ್ಸಿ. ಒರೆಸೋ ಕೋಲು ತೂರಬೇಕು. ಇಲ್ದಿದ್ರೆ ರಕ್ತ, ಕೀವು, ನೀರು ಎಲ್ಲಾ ಅಂಚಲ್ಲೇ ನಿಂತು ನಾತ ಹೊಡೆಯುತ್ತೆ. ಆಮೇಲೆ ನಿಮ್ಮ ಹಕ್ಕಿಗಳೇ ಮೂಗು ಮುಚ್ಕೋಬೇಕು."

ಆ ಹಜಾರದಲ್ಲಿ ಬುದ್ಧಿಯ ಮಾತು ಆಡಿದವಳು ಅವಳೊಬ್ಬಳು. ಆರು ಇಂಚು ಬಿಟ್ಟು ಕಟ್ಟಿಸಿದೆ.

ಬೆಡ್‌ಶೀಟಿನ ಆಚೆ ಬೆಂಚಿನ ಮೇಲೆ ಜನ ಇದ್ದರು. ಏಳಿ ಎಂದು ಕೂಡ ಯಾರೂ ಅವರಿಗೆ ಹೇಳಿರಲಿಲ್ಲ. ಅಂಚಿನಲ್ಲಿ ಕೂತಿದ್ದವಳು ಪಟ್ಟಿ ಬದಲಿಸಿಕೊಳ್ಳಲು ಬಂದ ಮುದುಕಿ. ಈಚೆಯಿಂದ ಕಾಣುತ್ತಿದ್ದದ್ದು ಅವಳ ಕಾಲುಗಳಷ್ಟೇ, ಒಂದು ರಬ್ಬರ್ ಚಪ್ಪಲಿಯಲ್ಲಿ, ಇನ್ನೊಂದು ಹಳದಿ ಒಸರಿದ ಪಟ್ಟಿಯಲ್ಲಿ. ಇಸ್ತ್ರಿ ಹೊಸ ಕೋಣೆಗಳ ಕಡೆಯಿಂದ ಗಿರಾಕಿಯ ಹಾಗೆ ನಡೆದು ಬಂದು ನಿಂತರು.

"ಏನ್ರೀ ಇದು, ಕಾಲು ಕಾಣ್ತಿದೆಯಲ್ರೀ! ಆ ಪಟ್ಟಿ ನೋಡಿದ್ರೆ ಯಾರಿಗೆ ಇಲ್ಲಿ ಸೇರೋಕೆ ಮನಸ್ಸು ಬರುತ್ತೆ? ಸಂದು ತೆಗೀರಿ."

ಬೆಡ್‌ಶೀಟಿಗೆ ಕಣ್ಣು ಮುಚ್ಚಲು ಬರುತ್ತದೆಯೇ ಹೊರತು ಕಿವಿ ಮುಚ್ಚಲು ಬರುವುದಿಲ್ಲ. ಮೊದಲು ಚಪ್ಪಲಿಯಿಂದ ಒಂದು ಕಾಲು ಮೇಲೆ ಹೋಯಿತು. ಆಮೇಲೆ ಎರಡು ಕೈಗಳು ಕೆಳಗೆ ಬಂದವು. ಪಟ್ಟಿಯ ಕಾಲನ್ನು ಮಗುವನ್ನು ಎತ್ತುವ ಹಾಗೆ ಹಿಡಿದು ಎತ್ತಿ, ಬೆಂಚಿನ ಮೇಲೆ ಇಟ್ಟುಕೊಂಡವು. ನೆಲದ ಮೇಲೆ ಚಪ್ಪಲಿ ಒಂದೇ ಉಳಿಯಿತು.

"ಹಾಂ, ಈಗ ಸರಿಹೋಯ್ತು" ಎಂದರು ಅಧ್ಯಕ್ಷರು.

ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಆ ಮನುಷ್ಯನ ಮೇಲೆ, ಹೂಂಗುಟ್ಟುವ ಕಾರ್ಯದರ್ಶಿಯ ಮೇಲೆ, ಬೇಸರ ಮಾಡಿಕೊಳ್ಳದ ಉಳಿದವರ ಮೇಲೆ ಎಂಥ ಹೇಸಿಗೆ ಬಂತೆಂದರೆ, ಊಟದ ತಟ್ಟೆಯ ಮುಂದೆ ಕೂತು ಹಾಗೇ ಎದ್ದೆ. ಇವಳು "ಏನಾಯ್ತು" ಎಂದಳು. ಪಿತ್ತ ಎಂದೆ.

ಶುಕ್ರವಾರ ಹಾಳೆಯನ್ನು ತುಂಬಿದೆ. ಚಂದಕ್ಕೋ, ಮುಚ್ಚುವುದಕ್ಕೋ: ಮುಚ್ಚುವುದಕ್ಕೆ. ಹಿಂದೆ ಏನಿದೆ: ಮನುಷ್ಯರು. ಯಾರ ಕಣ್ಣಿಂದ ಮುಚ್ಚಬೇಕು: ಹಣ ಕೊಡುವ ಮನುಷ್ಯರ ಕಣ್ಣಿಂದ. ಒಳ್ಳೆಯ ಶಾಯಿಯಲ್ಲಿ, ನಕ್ಷೆಯ ಮೇಲೆ ಬರೆಯುವ ಬಿಡಿ ಅಕ್ಷರಗಳಲ್ಲಿ ಬರೆದೆ. ನಿನ್ನೆ ಅದನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟೆ. ಓದಿ, ಬೆರಳ ತುದಿಯಿಂದ ನನ್ನ ಕಡೆಗೇ ತಳ್ಳಿದರು. "ಅಳತೆ ಬರೀರಿ ಅಂದ್ರೆ ಪುರಾಣ ಬರೆದಿದ್ದೀರಿ. ಇದರ ಕೆಳಗೆ ಯಾರಾದ್ರೂ ಸಹಿ ಮಾಡ್ತಾರಾ?" ನಾಳೆ ಸಂಜೆಯೊಳಗೆ ತಿದ್ದಿ ಕೊಡದಿದ್ದರೆ ಅಳಿಯನ ಕೈಯಲ್ಲಿ ಬರೆಸುತ್ತಾರಂತೆ. ಅಳಿಯ ಬಚ್ಚಲಮನೆಯ ಟೈಲ್ಸ್ ಮಾರುತ್ತಾನೆ.

ತಿದ್ದುವುದಿಲ್ಲ. ತಡಿಕೆಯನ್ನು ನಿಲ್ಲಿಸಲು ನನ್ನಿಂದ ಆಗದಿರಬಹುದು, ನನ್ನ ಅಕ್ಷರದಲ್ಲಿ ಅದು ಆಗಬಾರದು. ಆದರೂ ಹಾಳೆಯಲ್ಲಿ ಒಂದು ಚೌಕ ಖಾಲಿಯೇ ಉಳಿದಿದೆ. ನೆಲದಿಂದ ಎಷ್ಟು ಸಂದು? ಆರು ಎಂದು ಬರೆಯಲು ಹೋದಾಗಲೆಲ್ಲ ಪೆನ್ನು ನಿಲ್ಲುತ್ತದೆ.

ಸರಿ, ನನ್ನ ಜಗಳ ಸಾಕು. ಕಣ್ಣಿಗೆ ಹನಿ ಹಾಕುವುದನ್ನು ನಿಲ್ಲಿಸಬೇಡ, ಬಿಸಿಲಿಗೆ ಕಪ್ಪು ಕನ್ನಡಕವಿಲ್ಲದೆ ಹೊರಡಬೇಡ. ದೊಡ್ಡವಳು ನೀನು, ಹರಸಬೇಕಾದವಳೂ ನೀನೇ. ಈ ಮುದಿ ತಮ್ಮನಿಗೆ ಬುದ್ಧಿ ಬರಲಿ ಎಂದು ಹರಸು. ಕೆಳಗಿನ ಮನೆಯ ಮಕ್ಕಳಿಗೆ ನನ್ನ ಆಶೀರ್ವಾದ ಹೇಳು.

ನಿನ್ನ ತಮ್ಮ

ಮತ್ತೆ: ಕಾಗದ ಮಡಚಿ, ಲಕೋಟೆಗೆ ಹಾಕಿ, ಮತ್ತೆ ತೆಗೆದೆ. ಮೇಲೆ ಬರೆದದ್ದೆಲ್ಲ ನಿಜ. ಊಟ ಬಿಟ್ಟು ಎದ್ದದ್ದು ಮಾತ್ರ ಅಧ್ಯಕ್ಷರಿಂದಾಗಿ ಅಲ್ಲ.

ನಲವತ್ತೊಂದು ವರ್ಷದ ಹಿಂದೆ ನನ್ನ ಮದುವೆಯ ಮಾತಿಗೆ ಇವಳ ತಂದೆತಾಯಿ ನಮ್ಮ ಮನೆಗೆ ಬಂದರಲ್ಲ, ಆ ದಿನ. ನಿನ್ನ ಕೈಕಾಲಿನ ಮೇಲೆ ಬಿಳಿ ಮಚ್ಚೆ ಹಬ್ಬಿ ಎರಡು ವರ್ಷವಾಗಿತ್ತು. "ನಾನು ಹಿತ್ತಲ ಬಾಗಿಲಿಂದ ಹೋಗಿ ಸಂಜೆಗೆ ಬರ್ತೀನಿ ಬಿಡೋ" ಎಂದು ನೀನೇ ಹೇಳಿದ್ದೆ. ಅಡುಗೆಗೆ ಇನ್ನೊಂದು ಕೈ ಬೇಕಿತ್ತು, ಹೋಗಬೇಡ ಎಂದವನು ನಾನು. ಅಷ್ಟೂ ಅಡುಗೆ ಮಾಡಿ ಮುಗಿಸಿ ನೀನು ಒಳಕೋಣೆಗೆ ಹೋದೆ. ಆ ಕೋಣೆಗೆ ಬಾಗಿಲಿರಲಿಲ್ಲ. ಮೊಳೆ ಹೊಡೆದು ನೀಲಿ ಅಂಚಿನ ಬೆಡ್‌ಶೀಟ್ ಕಟ್ಟಿದವನು ನಾನು. ಒಗೆದು ಒಗೆದು ಅದು ಗಿಡ್ಡವಾಗಿತ್ತು. ಕೆಳಗೆ ಆರು ಇಂಚು ಸಾಲದೆ ಬಂತು. ಅಳೆದೆ, ಕೆಳಗೆ ಯಾರು ನೋಡುತ್ತಾರೆ ಎಂದು ಬಿಟ್ಟೆ.

ಇವಳ ತಾಯಿ ನೋಡಿದರು. "ಒಳಗೆ ಯಾರೋ ಇದ್ದ ಹಾಗಿದೆ?" ಎಂದು ಕೇಳಿದರು.

"ಯಾರೂ ಇಲ್ಲ" ಎಂದೆ.

ನನ್ನ ಮಾತು ಮುಗಿಯುವಷ್ಟರಲ್ಲಿ ನಿನ್ನ ಎರಡು ಕಾಲೂ ಮೇಲೆ ಹೋದವು. ಒಂದಿಷ್ಟೂ ಸದ್ದಿಲ್ಲದೆ. ನಾನು ಸುಳ್ಳನಾಗಬಾರದೆಂದು ನೀನು ಎರಡು ಗಂಟೆ ಹಾಗೇ ಕೂತಿದ್ದೆ. ಆಗ ನನಗೆ ನಾಚಿಕೆಯಾಗಲಿಲ್ಲ, ಅಕ್ಕ. ಹಾಯೆನಿಸಿತು. "ಈಗ ಸರಿಹೋಯ್ತು" ಎಂದು ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ಅಧ್ಯಕ್ಷರ ತಂದೆಯ ಕುರುವನ್ನು ಐವತ್ತು ವರ್ಷ ನೆನಪಿಟ್ಟುಕೊಂಡವನು ಇದೊಂದನ್ನು ಒಮ್ಮೆಯೂ ಬಾಯಿಗೆ ತಂದಿಲ್ಲ. ನೀನೂ ಎತ್ತಲಿಲ್ಲ. ನಮ್ಮ ಮನೆಗೆ ಬಂದಾಗಲೆಲ್ಲ ಕಾಲು ಮಡಚಿ ಕುರ್ಚಿಯ ಮೇಲಿಟ್ಟುಕೊಂಡು ಕೂತೆ. ನಾನು ನೋಡುತ್ತಲೇ ಇದ್ದೆ.

ಆ ಚೌಕವನ್ನು ನಾನು ತುಂಬುವುದಿಲ್ಲ. ನಾಳೆ ಹಾಳೆಯನ್ನು ಹಾಗೇ ಕೊಟ್ಟು, ಕಮಿಟಿಗೂ ಕೈಮುಗಿದು ಬರುತ್ತೇನೆ. ಆ ಅಳತೆ ಒಂದು ಸಲ ಹಿಡಿದದ್ದೇ ಸಾಕು.

ಇವಳಿಗೆ ಇದು ಗೊತ್ತಿಲ್ಲ. ಆ ದಿನ ನೀನು ಊರಲ್ಲಿ ಇರಲಿಲ್ಲ ಎಂದೇ ತಿಳಿದಿದ್ದಾಳೆ. ಈಗ ಅಡುಗೆಮನೆಯಿಂದ ಕೂಗುತ್ತಿದ್ದಾಳೆ, "ಏನ್ರೀ, ಕಾಗದ ಮುಗೀತಾ? ಅತ್ತಿಗೆಗೆ ಚಾಪೆ ವಿಷಯ ಬರೆದ್ರಾ?"

ನೆಲ ತಣ್ಣಗಿರುವುದರಿಂದ ಅಲ್ಲ ಎಂದು ಹೇಳಲು ಎದ್ದಿದ್ದೇನೆ.