ಕುರ್ಚಿ ಬಿಟ್ಟ ಮ್ಯಾನೇಜರು

ತಿಕೋಟಾ, ಬುಧವಾರ

ಪೂಜ್ಯ ಅಜ್ಜನ ಪಾದಕ್ಕೆ ನೂತನ ಮ್ಯಾನೇಜರ್ ಸಾಹೇಬನ ದೀರ್ಘದಂಡ ನಮಸ್ಕಾರ.

ಹಿರಿಯರು ಬಂದರೆ ಎದ್ದು ನಿಲ್ಲಬೇಕೆಂದು ನೀನು ಕಲಿಸಿದ್ದು ಈ ಒಣದ್ರಾಕ್ಷಿ ಕಂಪನಿಗೆ ಭಾರವಾಗಿದೆ. ವಿಡಿಯೋ ಮೀಟಿಂಗಿಗೆ ನನ್ನ ಕೈಕೆಳಗಿನ ಯಲಗೂರಪ್ಪ ಕಾಕಾ ಬಂದೊಡನೆ ನಾನು ಏಳುತ್ತೇನೆ. ಮೀಟಿಂಗು ಮುಗಿಯಿತೆಂದುಕೊಂಡು, ಕಂಪನಿಯ ಒಡತಿ ಹಾಲೆಂಡಿನ ಮೇಡಂ ತಾವೂ ಎದ್ದು ಹೋಗುತ್ತಾರೆ. ಸೀಸನ್ ಮುಗಿದರೂ ದ್ರಾಕ್ಷಿ ಆರಿಸುವ ಮೂವತ್ತು ಹೆಣ್ಣುಮಕ್ಕಳನ್ನು ಕೆಲಸದಿಂದ ತೆಗೆಯಬೇಡಿ ಎಂಬ ಮಾತು ಎರಡು ದಿನ ನನ್ನ ಬಾಯಲ್ಲೇ ಉಳಿಯಿತು.

“ನೀವು ಮೊದಲ ಬಂದು ಕೂಡ್ರಿ ಕಾಕಾ” ಎಂದರೆ, “ಸಾಹೇಬ್ರಕಿಂತ ಮೊದಲ ನಾ ಹೆಂಗ ಕುಂಡ್ರಲಿ ಯಪ್ಪಾ?” ಎನ್ನುತ್ತಾರೆ.

ಇಂದು ಲ್ಯಾಪ್‌ಟಾಪನ್ನೇ ಪೆಟ್ಟಿಗೆಗಳ ಮೇಲೇರಿಸಿ, ಎಲ್ಲರೂ ನಿಂತೇ ಆ ಮಾತು ಹೇಳಿದೆವು. ಮೇಡಂ ನಾಳೆ ಹೇಳುತ್ತಾರಂತೆ.

ಮೊಣಕಾಲು ನೋಯುತ್ತಿವೆ, ಎಣ್ಣೆ ಕಳಿಸು. ಮೇಡಂ ಹೂಂ ಎನ್ನುವವರೆಗೆ ಇಲ್ಲಿ ಯಾರೂ ಕೂರುವುದಿಲ್ಲ.

ಅವಸರದಲ್ಲಿ,
ನಿನ್ನ ಮಲ್ಲಿನಾಥ